ಕೆಮ್ಮು ಕಲಿತ ನೆಲಗುಬ್ಬಿ

ಗುಬ್ಬಿಗಳ ಗದ್ದಲ ಮುಗಿದು ಕೋಳಿ ಬಂತು. ಕೋಳಿ ಮುಗಿದು ಬೆಕ್ಕು ಬಂತು. ಹಳೆಯ ಸೈಪ್ರೆಸ್ ಮರದ ಕೆಳಗೆ ಕೂತಿದ್ದ ನಾವು ಯಾರೂ ಉಸಿರೆತ್ತಲಿಲ್ಲ.

ಈ ದನಿಗಳನ್ನೆಲ್ಲ ಒಂದೊಂದಾಗಿ ಅನುಕರಿಸಿ ಹಾಡುತ್ತಿದ್ದುದು ತೊಂಗನ ನೆಲಗುಬ್ಬಿ. ಹತ್ತು ಹನ್ನೆರಡು ದಿನದ ಹಿಂದೆ ಇದೇ ಕೊಂಬೆಯ ಕೊಕ್ಕೆಯಿಂದ ಪಂಜರದ ಸಮೇತ ಕಳುವಾಗಿದ್ದ ಹಕ್ಕಿ, ಈ ಬೆಳಿಗ್ಗೆ ನಾವು ಪಾರ್ಕಿಗೆ ಬರುವಷ್ಟರಲ್ಲಿ ಅದೇ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ತಂದವರನ್ನು ಯಾರೂ ಕಂಡಿರಲಿಲ್ಲ.

ತೊಂಗ್ ಪಂಜರದ ಕೆಳಗೆ ನಿಂತು ಟೋಪಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

“ಎಷ್ಟು ಸೊರಗಿ ಹೋಗಿದ್ದೀಯೋ ಮಗಾ. ಏನು ತಿನ್ನಿಸಿದ್ರೋ, ಏನು ಬಿಟ್ರೋ.”

“ಸೊರಗೋದಾ? ನಿನಗಿಂತ ಚೆನ್ನಾಗಿ ತಿಂದ್ಕೊಂಡಿದೆ ಅದು,” ಅಂದಳು ಆವೋ ಅಕ್ಕ, ಸೂರ್ಯಕಾಂತಿ ಬೀಜ ಒಡೆಯುತ್ತ.

ಆವೋ ಅಕ್ಕ ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತಳಾದವಳು. ಆಮೇಲೆ ನಮ್ಮ ಓಣಿಯ ಸಮಿತಿಯಲ್ಲಿ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಬಹಳ ವರ್ಷ ಕಾವಲು ಕಾದಳು. ಪಾರ್ಕಿನಲ್ಲಿ ಕೊಡೆ ಕಳೆಯಲಿ, ಹಲ್ಲಿನ ಸೆಟ್ಟು ಕಳೆಯಲಿ, ಸೊಸೆಯ ಜೊತೆ ಜಗಳವಾಡಿ ಅತ್ತೆಯೇ ಕಳೆದುಹೋಗಲಿ, ಪೊಲೀಸರಿಗಿಂತ ಮೊದಲು ಅವಳ ಹತ್ತಿರ ಹೋಗುವುದು ನಮ್ಮ ರೂಢಿ.

ಬೆಕ್ಕು ಮುಗಿಯಿತು. ಇನ್ನು ಗಿಡುಗ ಬರಬೇಕು, ಅದರ ಹಿಂದೆ ನೀರಿನ ಗಾಡಿಯ ಕಿರುಗುಟ್ಟು ಬರಬೇಕು. ಬೀಜಿಂಗಿನ ಹಳಬರು ಕಟ್ಟಿಟ್ಟ ಸಾಲು ಅದು. ಹದಿಮೂರು ದನಿ. ಹಿಂದು ಮುಂದಾಗಬಾರದು, ಹೊರಗಿನ ದನಿ ನುಸುಳಬಾರದು. ತೊಂಗನ ಹಕ್ಕಿ ಈ ಸಾಲನ್ನು ಅವನ ಅಪ್ಪನ ಕಾಲದ ಹಕ್ಕಿಗಳಿಂದ, ಒಂದರ ಬಾಯಿಂದ ಇನ್ನೊಂದಕ್ಕೆ ಇಳಿದು ಬಂದಂತೆ ಕಲಿತಿತ್ತು.

ಹಕ್ಕಿ ಕತ್ತು ನಿಮಿರಿಸಿತು.

“ಖೊ... ಖೊ ಖೊ... ಹೀಂ.”

ಒಣ ಕೆಮ್ಮು. ಕೊನೆಯಲ್ಲಿ ಉಸಿರು ಒಳಗೆಳೆಯುವಾಗ ಸಣ್ಣದೊಂದು ಸೀಟಿ. ಮರದ ಹಿಂದೆ ಯಾರೋ ಮುದುಕರು ಕೂತಿದ್ದಾರೆ ಅಂದುಕೊಂಡು ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹಕ್ಕಿ ಮತ್ತೆ ಕೆಮ್ಮಿತು. ಆಮೇಲೆ ಏನೂ ಆಗದಂತೆ ಗಿಡುಗ ಶುರುಮಾಡಿತು.

“ಬಾಯಿ ಕೆಟ್ಟಿದೆ,” ಅಂದರು ಯಿನ್ ಗುರುಗಳು.

ನಮ್ಮ ಮರದ ಕೆಳಗೆ ಹಕ್ಕಿಯ ವಿಷಯದಲ್ಲಿ ಯಿನ್ ಗುರುಗಳದೇ ಕೊನೆಯ ಮಾತು. ಅವರು ಎದ್ದು ತಮ್ಮ ಪಂಜರಕ್ಕೆ ನೀಲಿ ಬಟ್ಟೆ ಇಳಿಬಿಟ್ಟರು. ಅವರನ್ನು ನೋಡಿ ಪಕ್ಕದವರು ಎದ್ದರು. ಒಂದೊಂದೇ ಪಂಜರಕ್ಕೆ ಬಟ್ಟೆ ಬಿತ್ತು, ಒಂದೊಂದೇ ಕೊಕ್ಕೆ ಖಾಲಿಯಾಯಿತು. ಸಾವಿನ ಮನೆಯಿಂದ ಏಳುವ ಹಾಗೆ ಎಲ್ಲರೂ ಮಾತಿಲ್ಲದೆ ಎದ್ದರು.

ಅವರದೂ ತಪ್ಪಲ್ಲ. ಕೆಟ್ಟ ದನಿ ಶೀತದ ಹಾಗೆ, ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹತ್ತುತ್ತದೆ. ವರ್ಷಗಟ್ಟಲೆ ತಿದ್ದಿದ ಬಾಯಿ ಒಂದು ಬೆಳಗಿನಲ್ಲಿ ಹೋಗುತ್ತದೆ.

“ಗುರುಗಳೇ, ಸ್ವಲ್ಪ ನಿಲ್ಲಿ,” ಅಂದ ತೊಂಗ್. “ಇವತ್ತು ತಾನೇ ಬಂದಿದೆ. ಗಾಬರಿಯಲ್ಲಿದೆ. ಮರೆಯುತ್ತೆ.”

“ಹಕ್ಕಿ ಮರೆಯೋದಿಲ್ಲಪ್ಪ. ನಿನಗೆ ನಾನು ಹೇಳಬೇಕಾ?” ಯಿನ್ ಗುರುಗಳ ದನಿ ಮೆತ್ತಗಿತ್ತು. “ಹಕ್ಕಿ ಸಂತೆಯ ಆ ದಪ್ಪನೆಯವನು ಮಧ್ಯಾಹ್ನ ದಕ್ಷಿಣದ ಬಾಗಿಲ ಹತ್ತಿರ ಗಾಡಿ ತರ್ತಾನೆ. ಅವನ ಕೈಗೆ ಕೊಟ್ಬಿಡು. ಬೇರೆ ಹಕ್ಕಿ ಇಲ್ಲದ ಮನೆಗೆ ಎಲ್ಲಿಗಾದರೂ ಸೇರಿಸ್ತಾನೆ. ಮಕ್ಕಳಿರೋ ಮನೆ ಆದರೆ ಕೆಮ್ಮಿದ್ರೂ ನಗ್ತಾರೆ. ಇಲ್ಲಿಗೆ ಮಾತ್ರ ಇನ್ನು ತರಬೇಡ.”

ಅವರು ಹೋದರು. ಅಷ್ಟು ದೊಡ್ಡ ಮರದ ಕೆಳಗೆ ಉಳಿದದ್ದು ನಾವು ಮೂವರು, ಒಂದು ಪಂಜರ.

ತೊಂಗ್ ಕಲ್ಲು ಬೆಂಚಿನ ಮೇಲೆ ಕುಸಿದು ಕೂತ. ಹೆಂಡತಿ ಹೋದ ಮೇಲೆ ಅವನಿಗೆ ಬೆಳಗಾಗುತ್ತಿದ್ದದ್ದೇ ಈ ಹಕ್ಕಿಯ ಬಾಯಲ್ಲಿ. ನಡೆದು ಬರುವಾಗ ಪಂಜರವನ್ನು ತೂಗಿಕೊಂಡೇ ಬರುತ್ತಾನೆ, ಹಕ್ಕಿಯ ಕಾಲು ಗಟ್ಟಿಯಾಗಲಿ ಅಂತ. ಹಾಗೆ ತೂಗಿ ತೂಗಿ ಅವನ ಬಲ ಭುಜ ಎಡಕ್ಕಿಂತ ಇಳಿದಿದೆ.

“ಕೊಟ್ಬಿಡ್ತೀನಿ,” ಅಂದ. “ಇನ್ನೇನು ಮಾಡಲಿ? ಅಪ್ಪನ ಸಾಲನ್ನ ಹೀಗೆ ಕೆಮ್ಮಿಸ್ಕೊಂಡು ಕೂರೋದಕ್ಕೆ ಆಗುತ್ತಾ?”

“ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ,” ಅಂದಳು ಆವೋ ಅಕ್ಕ. “ಗೆಂಗಣ್ಣ, ಆ ಪಂಜರ ಇಳಿಸು.”

ಗೆಂಗ್ ಅಂದರೆ ನಾನೇ. ಆಯುಸ್ಸೆಲ್ಲ ಸಾರ್ವಜನಿಕ ಸ್ನಾನದ ಮನೆಯಲ್ಲಿ ಜನರ ಬೆನ್ನು ತಿಕ್ಕಿದವನು. ಹೇಳಿದಷ್ಟು ಮಾಡಿ ಸುಮ್ಮನಿರುವುದು ನನಗೆ ಅಭ್ಯಾಸ. ಉದ್ದನೆಯ ಕೋಲಿನಿಂದ ಪಂಜರ ಇಳಿಸಿ ಅವಳ ಮುಂದಿಟ್ಟೆ.

ಅವಳು ಮೊದಲು ಹೊದಿಕೆ ಬಟ್ಟೆಯನ್ನು ಮೂಗಿಗೆ ಹಿಡಿದಳು.

“ಒಗೆದಿದ್ದಾರೆ. ಒಗೆದರೂ ಕಷಾಯದ ವಾಸನೆ ಹೋಗಿಲ್ಲ. ಯಾರೋ ದಿನಾ ಬೇರು ನಾರು ಕುದಿಸೋ ಕೋಣೇಲಿ ಇತ್ತು ಇದು.”

ಆಮೇಲೆ ಪಂಜರದ ತಳದ ಮರಳಿಗೆ ಬೆರಳು ಹಾಕಿದಳು. “ಗೆಂಗಣ್ಣ, ನೋಡು.”

ಮರಳನ್ನು ಹೊಸದಾಗಿ ಜರಡಿ ಹಿಡಿದು ಹಾಕಿದ್ದರು. ಹಕ್ಕಿ ಹತ್ತಿ ನಿಂತು ಹಾಡುವ ನಡುವಿನ ಹಾಡುಗಟ್ಟೆಯನ್ನು ಉಜ್ಜಿ ತೊಳೆದಿದ್ದರು. ಹಕ್ಕಿಯ ಉಗುರು ಕತ್ತರಿಸಿದ್ದರು, ಅದೂ ರಕ್ತದ ಗೆರೆ ಬಿಟ್ಟು ನಾಜೂಕಾಗಿ. ಬಟ್ಟಲಿನಲ್ಲಿ ಹೆಸರುಕಾಳಿನ ಹಿಟ್ಟಿಗೆ ಮೊಟ್ಟೆಯ ಹಳದಿ ಕಲಸಿಟ್ಟಿತ್ತು.

“ಹಕ್ಕಿ ಗೊತ್ತಿರೋನ ಕೈ,” ಅಂದೆ.

“ಅದೇ ನನ್ನ ತಲೆ ತಿನ್ತಿರೋದು.” ಆವೋ ಅಕ್ಕ ಬೀಜದ ಸಿಪ್ಪೆ ಉಗುಳಿದಳು. “ಮಾರೋ ಕಳ್ಳ ಆಗಿದ್ರೆ ವಾಪಸ್ ತರ್ತಿರಲಿಲ್ಲ. ಹಕ್ಕಿ ಗೊತ್ತಿಲ್ಲದ ಕಳ್ಳ ಆಗಿದ್ರೆ ಉಗುರು ಕತ್ತರಿಸ್ತಿರಲಿಲ್ಲ. ಸರಿ, ಹಕ್ಕಿ ಗೊತ್ತಿರೋನು. ನೀವೆಲ್ಲ ಹೇಗೆ ಅಂತ ನನಗೆ ಗೊತ್ತಿಲ್ವಾ? ಬೀದೀಲಿ ಕಾಗೆ ಕೂಗಿದ್ರೆ ಪಂಜರ ಅಪ್ಪಿಕೊಂಡು ಓಡ್ತೀರ. ಹೆಂಡತಿ ಸೀನಿದ್ರೆ ಆಚೆ ಕೋಣೆಗೆ ಕಳಿಸ್ತೀರ.”

“ಒಂದೇ ಸಲ ಕಳಿಸಿದ್ದು,” ಅಂದ ತೊಂಗ್.

“ಚಳಿಗಾಲ ಪೂರ್ತಿ ಕಳಿಸಿದ್ದೆ, ಪಾಪದವಳು ನನ್ನ ಹತ್ತಿರ ಹೇಳ್ಕೊಂಡಿದ್ಲು. ಈಗ ಕೇಳು. ಅಂಥ ಒಬ್ಬ, ಕೆಮ್ಮೋರ ಮಂಚದ ಪಕ್ಕದಲ್ಲಿ ಇಷ್ಟು ದಿನ ಈ ಹಕ್ಕಿ ಇಟ್ಟಿದ್ದಾನೆ. ಬಾಯಿ ಕೆಡುತ್ತೆ ಅಂತ ಗೊತ್ತು. ಗೊತ್ತಿದ್ದೂ ಇಟ್ಟಿದ್ದಾನೆ. ಯಾಕೆ?”

ತೊಂಗ್ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಅವನಿಗೆ ಹಕ್ಕಿಯ ಬಾಯಿಗಿಂತ ಆ ಕೆಮ್ಮೋ ಜೀವ ದೊಡ್ಡದಾಗಿತ್ತು. ಆ ಜೀವ ಯಾವುದು ಅಂತ ಹಿಡಿದ್ರೆ ಕಳ್ಳ ತಾನೇ ಸಿಗ್ತಾನೆ. ಎದ್ದೇಳು. ಕ್ವಾಯ್ ಹತ್ತಿರ ಹೋಗೋಣ.”

ತೊಂಗನ ಕತ್ತು ಬಗ್ಗಿತು.

ಕ್ವಾಯ್ ನಮ್ಮ ಮರದವನೇ. ಅವನ ಹಕ್ಕಿ ಸತ್ತು ವರ್ಷಗಳಾದರೂ ದಿನಾ ಬಂದು ತೊಂಗನ ಪಕ್ಕ ಕೂರುತ್ತಿದ್ದ. ಒಂದೇ ಚಹಾ ಡಬ್ಬಿಯಲ್ಲಿ ಇಬ್ಬರೂ ಕುಡಿಯುತ್ತಿದ್ದರು. ಹಕ್ಕಿ ಕಳುವಾದ ದಿನ ತೊಂಗ್ ಕೈ ತೊಳೆಯಲು ಹೋದಾಗ ಮರದ ಕೆಳಗೆ ಇದ್ದವನು ಅವನೊಬ್ಬನೇ. ಮಾರನೇ ದಿನ ತೊಂಗ್ ಎಲ್ಲರೆದುರು ಅವನನ್ನು ಕಳ್ಳ ಅಂದ. ಕ್ವಾಯ್ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಚಹಾದ ಡಬ್ಬಿಯನ್ನು ತೊಂಗನ ಕಡೆಗೇ ಬಿಟ್ಟು ಎದ್ದುಹೋದ. ಅಂದಿನಿಂದ ಕೊಳದ ಆಚೆ ಚದುರಂಗದವರ ಜೊತೆ ಕೂರುತ್ತಾನೆ.

“ಯಾವ ಮುಖ ಇಟ್ಕೊಂಡು ಹೋಗಲಿ?” ಅಂದ ತೊಂಗ್.

“ಇರೋದು ಒಂದೇ ಅಲ್ವಾ? ಅದನ್ನೇ ತಗೊಂಡು ಬಾ.”

ಕೊಳದ ದಂಡೆಯಲ್ಲಿ ನಡೆದೆವು. ವಿಲೋ ಮರಗಳು ಹತ್ತಿಯಂಥ ಬಿಳಿ ಎಳೆ ಉದುರಿಸುತ್ತಿದ್ದವು. ನೆಲದ ಕಲ್ಲುಗಳ ಮೇಲೆ ಒಬ್ಬ ಮುದುಕ ಉದ್ದ ಕುಂಚವನ್ನು ನೀರಿಗದ್ದಿ ಅಕ್ಷರ ಬರೆಯುತ್ತಿದ್ದ. ನನಗೆ ಅಷ್ಟು ಓದಲು ಬಾರದು. ಆದರೆ ಬಿಸಿಲಿಗೆ ಒಂದೊಂದೇ ಅಕ್ಷರ ಆರುವುದನ್ನು ನೋಡಲು ನನಗಿಷ್ಟ. ಮೆಟ್ಟದೆ ಸುತ್ತಿ ಹೋದೆವು. ಬೀಸಣಿಗೆ ಕುಣಿತದ ಹೆಂಗಸರು ಆವೋ ಅಕ್ಕನನ್ನು ಕಂಡು ಕೂಗಿದರು.

“ಅಕ್ಕಾ, ಇಬ್ಬಿಬ್ಬರು ಮುದುಕರನ್ನ ಹಿಡ್ಕೊಂಡು ಎಲ್ಲಿಗೆ?”

“ಇಬ್ಬರು ಸಾಲದು ಅಂತ ಮೂರನೆಯವರನ್ನ ಹುಡುಕ್ತಾ ಇದೀನಿ!”

ನಗು ಎದ್ದಿತು. ತೊಂಗ್ ನಗಲಿಲ್ಲ. ಅವನ ಕೈಯಲ್ಲಿ ಪಂಜರ ತೂಗುತ್ತಲೂ ಇರಲಿಲ್ಲ.

ಕ್ವಾಯ್ ಕಲ್ಲು ಮೇಜಿನ ಮುಂದೆ ಒಬ್ಬನೇ ಕೂತು ಎರಡೂ ಕಡೆಯ ಕಾಯಿಗಳನ್ನು ತಾನೇ ನಡೆಸುತ್ತಿದ್ದ. ನಾವು ಬರುವುದನ್ನು ಕಂಡು ಅವನ ಮುಖ ಅರಳಿತು. ಆ ಮುಖ ನೋಡಿ ನನಗೆ ಆಶ್ಚರ್ಯವಾಯಿತು. ಅಷ್ಟು ಮಾತು ಕೇಳಿಸಿಕೊಂಡವನು ಹಾಗೆ ನಗಬಾರದು.

“ಬಂದ್ಯಾ? ಬಾ, ಕೂತ್ಕೋ. ಬಯ್ಯೋದೆಲ್ಲ ಬೈದು ಮುಗೀತು ತಾನೇ?”

ತೊಂಗ್ ಅದನ್ನು ಚುಚ್ಚುಮಾತೆಂದು ತಿಳಿದು ಕೆಂಪಾದ. “ನೋಡಿದ್ಯಾ ಅಕ್ಕ? ನಗ್ತಾ ಇದಾನೆ.”

“ನಗದೆ ಅಳಬೇಕಾ? ಇವತ್ತು ಅಳೋ ದಿನ ಅಲ್ಲ, ಮಾರಾಯ.”

ಆವೋ ಅಕ್ಕ ತೊಂಗನ ಕೈಯಿಂದ ಪಂಜರ ತೆಗೆದುಕೊಂಡು ಚದುರಂಗದ ಕಾಯಿಗಳ ನಡುವೆ ಇಟ್ಟಳು. ಬಟ್ಟೆ ಎತ್ತಿದಳು. ಕೂತಳು. ಬೀಜ ಒಡೆಯಲು ಶುರುಮಾಡಿದಳು.

“ಅಯ್ಯೋ, ನನ್ನ ಆನೆ!” ಅಂದ ಕ್ವಾಯ್. “ಗೆಲ್ಲೋದ್ರಲ್ಲಿದ್ದೆ.”

“ನಿನ್ನ ಮೇಲೆ ನೀನೇ? ಸುಮ್ನಿರು. ಹಾಡು ಕೇಳು.”

ಹಕ್ಕಿಗೆ ಹೊಸ ಜಾಗ. ಸ್ವಲ್ಪ ಹೊತ್ತು ಮರಳಿನಲ್ಲಿ ಅತ್ತಿತ್ತ ಓಡಾಡಿತು. ಆಮೇಲೆ ಹಾಡುಗಟ್ಟೆ ಹತ್ತಿತು. ಗುಬ್ಬಿಗಳು ಬಂದವು. ಕೋಳಿ ಬಂತು. ಕ್ವಾಯ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಬೆಕ್ಕು ಬಂತು.

“ಖೊ... ಖೊ ಖೊ... ಹೀಂ.”

ಕ್ವಾಯ್ ಕಣ್ಣು ತೆರೆಯಲಿಲ್ಲ. ಅವನ ಕೈ ತಾನಾಗಿ ಬೆಂಚಿನ ಕೆಳಗಿನ ಬಿಸಿನೀರಿನ ಫ್ಲಾಸ್ಕಿಗೆ ಹೋಯಿತು. ಮುಚ್ಚಳ ತಿರುಗಿಸಿತು. ಮುಚ್ಚಳಕ್ಕೆ ಅರ್ಧದಷ್ಟು ನೀರು ಬಗ್ಗಿಸಿತು. ಹಬೆಯನ್ನು ಎರಡು ಸಲ ಊದಿದ. ಹಾಗೇ ಕೈ ಮುಂದೆ ಚಾಚಿದ, ಅಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ.

ಆಮೇಲೆ ಕಣ್ಣು ತೆರೆದ. ಎದುರಿಗೆ ನಾವು ಮೂವರು.

“ಆ ನೀರು ಯಾರಿಗೆ, ಕ್ವಾಯ್?” ಅಂದಳು ಆವೋ ಅಕ್ಕ.

“ಯಾರಿಗೆ ಅಂದ್ರೆ?” ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. “ಇದೇನು ತಮಾಷೆ? ಗೊತ್ತಿಲ್ಲದೋರ ಹಾಗೆ ಕೇಳ್ತೀರಲ್ಲ.”

“ಗೊತ್ತಿಲ್ಲ ಅಂತಲೇ ಕೇಳ್ತಿರೋದು.”

“ಇವನ ಅಣ್ಣನಿಗೆ. ಶೌರೆನ್‌ಗೆ. ಇನ್ಯಾರಿಗೆ?”

ತೊಂಗನಿಗೆ ಒಬ್ಬ ಅಣ್ಣನಿದ್ದಾನೆ ಅನ್ನುವುದು ಈಗ ಪಾರ್ಕಿನಲ್ಲಿ ನೆನಪಿರುವುದು ನಮ್ಮಂಥ ಕೆಲವರಿಗೆ ಮಾತ್ರ. ಆಗ ನಾವೆಲ್ಲ ತರುಣರು. ತೊಂಗನ ಅಪ್ಪನ ನೆಲಗುಬ್ಬಿ ಎಂದರೆ ಬೇರೆ ಓಣಿಗಳಿಂದ ಜನ ಕೇಳಲು ಬರುತ್ತಿದ್ದರು. ಒಂದು ದಿನ ಆ ಹಕ್ಕಿ ಸಾಲಿನ ನಡುವೆ ರೈಲಿನ ಸಿಳ್ಳೆ ಹಾಕಿತು. ರೈಲು ಹಳಿಯ ಹತ್ತಿರ ಪಂಜರ ಒಯ್ದಿದ್ದು ತಮ್ಮ ಅಂತ ಅಣ್ಣ ಹೇಳಿದ, ಅಣ್ಣ ಅಂತ ತಮ್ಮ ಹೇಳಿದ. ಅಪ್ಪ ಪಂಜರಕ್ಕೆ ಬಟ್ಟೆ ಇಳಿಸಿದವರು ಮತ್ತೆ ಪಾರ್ಕಿಗೆ ಬರಲಿಲ್ಲ. ಅಪ್ಪನ ಮಣ್ಣಿನ ದಿನವೂ ಅಣ್ಣತಮ್ಮಂದಿರು ಮಾತಾಡಲಿಲ್ಲ. ಶೌರೆನ್ ದೂರದ ಬಾವೋಟೋವಿನ ಉಕ್ಕಿನ ಕಾರ್ಖಾನೆಗೆ ಹೋದ. ಒಂದು ಹಕ್ಕಿಯ ಬಾಯಿಗೆ ಒಂದು ಮನೆ ಒಡೆಯಿತು ಎಂದರೆ ಬೇರೆ ಊರಿನವರು ನಗುತ್ತಾರೆ. ನಮ್ಮಲ್ಲಿ ಯಾರೂ ನಗಲಿಲ್ಲ.

ತೊಂಗ್ ಬೆಂಚನ್ನು ಕೈಯಿಂದ ತಡಕಾಡಿ ಕೂತ.

“ಅವನು ಬಾವೋಟೋನಲ್ಲಿದಾನೆ.”

“ಈ ಚಳಿಗಾಲದಿಂದ ನನ್ನ ಕೋಣೇಲಿದಾನೆ. ಎದೆ ಪೂರ್ತಿ ಹಾಳಾಗಿದೆ. ಕಾರ್ಖಾನೆ ಧೂಳು. ಒಂದು ರಾತ್ರಿ ಗಂಟು ಹಿಡ್ಕೊಂಡು ಬಂದು ಬಾಗಿಲು ತಟ್ಟಿದ. ‘ಊರಲ್ಲಿ ಸಾಯ್ತೀನಿ, ತಮ್ಮನಿಗೆ ಮಾತ್ರ ಹೇಳಬೇಡ’ ಅಂದ. ಆಣೆ ಹಾಕಿಸ್ಕೊಂಡ.”

“ನಾನು ನಿನ್ನನ್ನ ಕಳ್ಳ ಅಂದಾಗ್ಲೂ ಬಾಯಿ ಬಿಡಲಿಲ್ವಲ್ಲೋ!”

“ಬಿಟ್ರೆ ಯಾಕೆ ಕದ್ದೆ ಅಂತ ಕೇಳ್ತಿದ್ದೆ. ಮತ್ತೆ, ನೀನು ಅಂದದ್ದು ಸುಳ್ಳೇನಲ್ಲ. ಕದ್ದದ್ದು ನಾನೇ.” ಕ್ವಾಯ್ ಮುಚ್ಚಳದ ನೀರನ್ನು ತಾನೇ ಕುಡಿದ. “ಊಟ ಬಿಟ್ಟಿದ್ದ ಅವನು. ಗೋಡೆ ಕಡೆ ತಿರುಗಿ ಮಲಗ್ತಿದ್ದ. ಒಂದಿನ ‘ಅಪ್ಪನ ಸಾಲು ಇನ್ನೂ ಯಾವ ಹಕ್ಕಿಯ ಬಾಯಲ್ಲಾದರೂ ಇದೆಯಾ’ ಅಂತ ಕೇಳಿದ. ನಾನೇನು ಕಲ್ಲಾ? ಒಂದು ದಿನಕ್ಕೆ ಅಂತ ತಗೊಂಡು ಹೋದೆ. ಹಕ್ಕಿ ಹಾಡ್ತು. ಅವನು ಎದ್ದು ಕೂತ, ಗಂಜಿ ಕುಡಿದ. ಮಾರನೇ ದಿನ ವಾಪಸ್ ಕೊಡೋದು ಹೇಗೆ, ಹೇಳು.”

“ಬಾಯಿ ಕೆಡುತ್ತೆ ಅಂತ...”

“ಅವನೇ ಹೇಳಿದ. ಕೆಮ್ಮು ಬಂದಾಗೆಲ್ಲ ದಿಂಬು ಕಚ್ಚಿಕೊಳ್ತಿದ್ದ, ಹಕ್ಕಿಗೆ ಕೇಳಬಾರದು ಅಂತ. ನೀಲಿಗಟ್ಟಿ ಹೋಗ್ತಿದ್ದ. ನಾನೇ ದಿಂಬು ಕಿತ್ಕೊಂಡೆ. ‘ಕೆಮ್ಮೋ ಮಹಾರಾಯ, ಹಕ್ಕಿ ಹಾಳಾದ್ರೆ ಹಾಳಾಗಲಿ’ ಅಂದೆ. ಬಯ್ಯೋದಾದ್ರೆ ಅದಕ್ಕೆ ಬಯ್ಯಿ.”

ತೊಂಗ್ ಬಯ್ಯಲಿಲ್ಲ. ಪಂಜರದ ಸರಳುಗಳ ನಡುವೆ ಬೆರಳು ತೂರಿಸಿ ಕೂತಿದ್ದ. ಹಕ್ಕಿ ಬಂದು ಆ ಬೆರಳನ್ನು ಕುಟುಕಿತು.

ಅಷ್ಟು ಹೊತ್ತಿಗೆ ಯಿನ್ ಗುರುಗಳು ಕೊಳ ಸುತ್ತಿ ಏದುಸಿರು ಬಿಡುತ್ತ ಬಂದರು.

“ಇಲ್ಲಿದ್ದೀಯಾ? ಹಕ್ಕಿ ಸಂತೆಯವನು ಬಂದಿದಾನೆ, ದಕ್ಷಿಣದ ಬಾಗಿಲಲ್ಲಿ ಕಾಯ್ತಿದಾನೆ.”

“ವಾಪಸ್ ಕಳಿಸಿ ಗುರುಗಳೇ,” ಅಂದ ತೊಂಗ್. “ಕೊಡೋದಿಲ್ಲ.”

“ತೊಂಗ್, ಬಾಯಿ ಕೆಟ್ಟ ಹಕ್ಕಿ ಇಟ್ಕೊಂಡು ಏನು...”

“ಕೆಟ್ಟಿಲ್ಲ. ಅದು ನಮ್ಮಣ್ಣ.”

ಯಿನ್ ಗುರುಗಳು ಬಾಯಿ ತೆರೆದರು, ಆವೋ ಅಕ್ಕನನ್ನು ನೋಡಿ ಮುಚ್ಚಿಕೊಂಡರು. ಅವಳು ಅವರ ಅಂಗೈಗೆ ಒಂದು ಹಿಡಿ ಬೀಜ ಹಾಕಿ ಕೂರಿಸಿದಳು.

“ನಾನು ಆ ಮರದ ಕೆಳಗೆ ಬರೋದಿಲ್ಲ, ನಿಮಗೆ ತೊಂದರೆ ಕೊಡೋದಿಲ್ಲ. ಇಲ್ಲೇ ಕ್ವಾಯ್ ಹತ್ತಿರ ಕೂತ್ಕೋತೀನಿ, ಅವನು ಕೂರಿಸ್ಕೊಂಡ್ರೆ,” ಅಂದ ತೊಂಗ್. “ನಡಿಯೋ ಕ್ವಾಯ್. ಅಣ್ಣನ ಹತ್ತಿರ ಕರ್ಕೊಂಡು ಹೋಗು. ಹಕ್ಕಿ ಅವನ ಹತ್ತಿರಾನೇ ಇರಲಿ. ಪೂರ್ತಿ ಕೆಮ್ಮನ್ನೇ ಕಲಿಯಲಿ.”

ಕ್ವಾಯ್ ಏಳಲಿಲ್ಲ. ಅರ್ಧ ನಗುವಿನಲ್ಲೇ ಅವನ ಮುಖ ನಿಂತುಹೋಯಿತು.

“ನಾನು ಕರ್ಕೊಂಡು ಹೋಗೋದಾ? ತೊಂಗ್, ಸಾಕು ಆಟ.”

“ಯಾವ ಆಟ?”

“ಬೆಳಿಗ್ಗೆ ನಾನು ಸೋಯಾ ಹಾಲು ತರೋಕೆ ಹೋಗಿದ್ದೆ. ಬಂದು ನೋಡಿದ್ರೆ ಮಂಚ ಖಾಲಿ, ಪಂಜರಾನೂ ಇಲ್ಲ. ಪಾರ್ಕಿಗೆ ಓಡಿ ಬಂದೆ. ದೂರದಿಂದ ನಿನ್ನ ಕೊಕ್ಕೇಲಿ ಪಂಜರ ಕಂಡಿತು. ಅಬ್ಬ, ತಮ್ಮನಿಗೆ ಹೇಗೋ ಗೊತ್ತಾಗಿದೆ, ಬಂದು ಅಣ್ಣನ್ನ ಮನೆಗೆ ಕರ್ಕೊಂಡು ಹೋಗಿದಾನೆ ಅಂದ್ಕೊಂಡೆ. ಅದಕ್ಕೇ ನಡುವೆ ಬರಬಾರದು ಅಂತ ಇಲ್ಲಿ ಕೂತಿದ್ದೆ.”

ಆವೋ ಅಕ್ಕನ ಹಲ್ಲಿನ ನಡುವೆ ಬೀಜ ಹಾಗೇ ನಿಂತಿತು.

“ಅವನಿಗೆ ನಡೆಯೋಕೆ ಆಗುತ್ತಾ, ಕ್ವಾಯ್?” ಅಂದಳು.

“ಮಂಚದಿಂದ ಕಿಟಕಿಗೆ ಹೋಗೋದಕ್ಕೂ ನನ್ನ ಹೆಗಲು ಬೇಕು. ಬೂಟು ಮಂಚದ ಕೆಳಗೇ ಇತ್ತು. ಅದನ್ನ ನೋಡೇ ನನ್ನ ಕಣ್ಣಲ್ಲಿ ನೀರು ಬಂದದ್ದು.” ಕ್ವಾಯ್ ತೊಂಗನ ತೋಳು ಹಿಡಿದ. “ನೀನು ಅವನನ್ನ ಬೆನ್ನ ಮೇಲೆ ಹೊತ್ಕೊಂಡು ಹೋದೆ ಅಂದ್ಕೊಂಡೆ ಕಣೋ. ನೀನೇ ತಾನೇ? ಹೇಳು, ನೀನೇ ತಾನೇ ಹೊತ್ಕೊಂಡು ಹೋದದ್ದು?”

ತೊಂಗ್ ಪಂಜರದಿಂದ ಬೆರಳು ಹೊರಗೆಳೆದ.

“ನಾನಲ್ಲ. ನಿನ್ನ ಮನೆ ಬಾಗಿಲನ್ನೇ ನಾನು ನೋಡಿಲ್ಲ,” ಅಂದ. “ಹಾಗಾದ್ರೆ ಬರಿಗಾಲಲ್ಲಿ ಅಣ್ಣ ಎಲ್ಲಿಗೆ ಹೋದ?”